ಹ್ಯಾಮಿಲ್ಟನ್ ಹೇಳಿದ ‘ಇಲ್ಲ’: ಆದಿಭೂಮಿಯಲ್ಲಿ ಫಲಕಗಳು ಚಲಿಸುತ್ತಿದ್ದವೇ?

ತಮ್ಮದೇ ಪಕ್ಷ ಗೆದ್ದ ಮೇಲೆ ಎದ್ದು ಹೋಗಿ ವಿರೋಧ ಪಕ್ಷದ ಬೆಂಚಿನಲ್ಲಿ ಕೂತವರು ವಿಜ್ಞಾನದಲ್ಲಿ ಕಡಿಮೆ. ಅಮೆರಿಕದ ಭೂವಿಜ್ಞಾನಿ ವಾರೆನ್ ಹ್ಯಾಮಿಲ್ಟನ್ ಹಾಗೆ ಕೂತರು, ಸಾಯುವವರೆಗೂ ಏಳಲಿಲ್ಲ.

1925ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದ ಇವರು 1952ರಿಂದ 1995ರವರೆಗೆ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯಲ್ಲಿದ್ದರು. ಖಂಡಗಳು ಜರುಗುತ್ತವೆ ಎಂದರೆ ಅಮೆರಿಕದ ಪ್ರೊಫೆಸರುಗಳು ನಗುತ್ತಿದ್ದ ಕಾಲವದು. ಅಂಥ ಹೊತ್ತಿನಲ್ಲಿ, 1961ರಲ್ಲಿ, ಕ್ಯಾಲಿಫೋರ್ನಿಯ ಕೊಲ್ಲಿ ಹುಟ್ಟಿದ್ದೇ ಬಾಹಾ ಪರ್ಯಾಯ ದ್ವೀಪ ಮೆಕ್ಸಿಕೊದ ನೆಲದಿಂದ ಕಿತ್ತುಕೊಂಡು ದೂರ ಸರಿದದ್ದರಿಂದ ಎಂದು ಬರೆದರು. ಅದಕ್ಕೂ ಮೊದಲು, 1958-59ರಲ್ಲಿ, ಅಂಟಾರ್ಕ್ಟಿಕದ ಬೆಟ್ಟಗಳಲ್ಲಿ ಕಲ್ಲು ಒಡೆದು ಬಂದಿದ್ದರು. ಭೂಮಿಯ ಹೊರಪದರ ಫಲಕಗಳೆಂಬ ದೊಡ್ಡ ದೊಡ್ಡ ತುಂಡುಗಳಾಗಿದ್ದು ಅವು ಜರುಗುತ್ತವೆ ಎನ್ನುವ ಫಲಕ ಸಿದ್ಧಾಂತ ರೂಪುಗೊಂಡ ಕೂಡಲೇ, 1969ರಲ್ಲಿ, ಕ್ಯಾಲಿಫೋರ್ನಿಯದ ಗ್ರಾನೈಟು ಬೆಟ್ಟಗಳನ್ನೂ ಕರಾವಳಿಯ ಕಲಸುಮೇಲೋಗರದಂಥ ಶಿಲೆಗಳನ್ನೂ ಶಾಂತಸಾಗರದ ತಳ ಖಂಡದಡಿಗೆ ನುಗ್ಗಿದ್ದರ ಫಲವೆಂದು ವಿವರಿಸಿದರು. 1979ರಲ್ಲಿ ಇಂಡೊನೇಷ್ಯಾದ ಭೂರಚನೆಯ ಮೇಲೆ ಅವರು ತಂದ ಬೃಹತ್ ಗ್ರಂಥ ಇವತ್ತಿಗೂ ಆ ಪ್ರದೇಶದ ಮೇಲೆ ಕೆಲಸ ಮಾಡುವವರ ಮೇಜಿನ ಮೇಲಿರುತ್ತದೆ. 1989ರಲ್ಲಿ ಪೆನ್‌ರೋಸ್ ಪದಕ ಬಂತು. ಭೂವಿಜ್ಞಾನದ ಮಟ್ಟಿಗೆ ಅದಕ್ಕಿಂತ ದೊಡ್ಡ ಗೌರವ ಅಮೆರಿಕದಲ್ಲಿಲ್ಲ.

ಇಷ್ಟಾದ ಮೇಲೆ, 1998ರಲ್ಲಿ, ಆರ್ಕಿಯನ್ ಕಾಲದ, ಅಂದರೆ 400ರಿಂದ 250 ಕೋಟಿ ವರ್ಷ ಹಿಂದಿನ ಶಿಲೆಗಳು ಫಲಕ ಚಲನೆಯಿಂದ ಆದವಲ್ಲ ಎಂದು ತಲೆಬರಹದಲ್ಲೇ ಘೋಷಿಸಿ ಪ್ರಬಂಧ ಬರೆದರು. 2011ರಲ್ಲಿ ಇನ್ನೂ ಮುಂದೆ ಹೋಗಿ, ಫಲಕಗಳು ಶುರುವಾದದ್ದೇ ನಿಯೊಪ್ರೊಟೆರೊಜೊಯಿಕ್ ಯುಗದಲ್ಲಿ, ಅಂದರೆ ಕಳೆದ 100 ಕೋಟಿ ವರ್ಷಗಳ ಈಚೆಗೆ ಎಂದರು. 2018ರಲ್ಲಿ ತೀರಿಕೊಂಡರು. ಕೊನೆಯ ದೀರ್ಘ ಪ್ರಬಂಧ ಮರುವರ್ಷ ಅಚ್ಚಾಯಿತು. ಅದರಲ್ಲೂ ಅದೇ ಜಗಳ.

ಅವರ ವಾದ ನಿಲ್ಲುತ್ತದೆಯೇ? ಕರ್ನಾಟಕದವರಿಗೆ ಇದು ಪರದೇಶದ ಜಗಳವೇನೂ ಅಲ್ಲ. ನಮ್ಮ ಕಾಲಡಿಯ ನೆಲ ಬಹುಪಾಲು ಆರ್ಕಿಯನ್. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷದ್ದು. ಬ್ರಿಟಿಷ್ ಭೂವಿಜ್ಞಾನಿ ಬ್ರೂಸ್ ಫೂಟ್ ‘ಧಾರವಾಡ’ ಎಂದು ಹೆಸರಿಟ್ಟ ಶಿಲೆಗಳ ಪಟ್ಟಿಗಳು ಶಿವಮೊಗ್ಗ, ಚಿತ್ರದುರ್ಗ, ಸಂಡೂರು, ಕೋಲಾರಗಳುದ್ದಕ್ಕೂ ಉತ್ತರ-ದಕ್ಷಿಣವಾಗಿ ಹಾಸಿವೆ. ಹ್ಯಾಮಿಲ್ಟನ್ ಸರಿಯಾದರೆ ಈ ನೆಲ ಹುಟ್ಟಿದ ಕತೆ ಒಂದು, ತಪ್ಪಾದರೆ ಕತೆಯೇ ಬೇರೆ. ಎರಡೂ ಕಡೆಯ ವಕಾಲತ್ತನ್ನು ಇಲ್ಲಿ ನಾನೇ ವಹಿಸಿದ್ದೇನೆ.

ಪರ: ಹ್ಯಾಮಿಲ್ಟನ್ ಸರಿ, ಆ ಭೂಮಿಯಲ್ಲಿ ಫಲಕಗಳಿರಲಿಲ್ಲ

ಇಂಡೊನೇಷ್ಯಾದಿಂದಲೇ ಶುರು ಮಾಡಬೇಕು. ಹ್ಯಾಮಿಲ್ಟನ್ ತಮ್ಮ ಅಳತೆಗೋಲು ಕಂಡುಕೊಂಡದ್ದು ಅಲ್ಲಿ.

ಸುಮಾತ್ರಾ, ಜಾವಾಗಳ ದಕ್ಷಿಣಕ್ಕೆ ಸಾಗರದ ತಳ ದ್ವೀಪಗಳಡಿಗೆ ಇಳಿಯುತ್ತಲೇ ಇದೆ. 2004ರ ಡಿಸೆಂಬರಿನ ಸುನಾಮಿ ಹುಟ್ಟಿದ್ದು ಅದೇ ಗಡಿಯಲ್ಲಿ. ಹೀಗೆ ಒಂದು ಫಲಕ ಇನ್ನೊಂದರ ಕೆಳಗೆ ಇಳಿಯುವುದಕ್ಕೆ ಸಬ್‌ಡಕ್ಷನ್ ಎನ್ನುತ್ತಾರೆ. ಅದು ನಡೆದಲ್ಲೆಲ್ಲ ಗುರುತುಗಳು ಒಂದರ ಪಕ್ಕ ಒಂದು ಸಾಲಾಗಿ ಸಿಗುತ್ತವೆ. ಮೊದಲು ಆಳವಾದ ಕಂದಕ. ಅದರ ಒಳಬದಿಗೆ, ಇಳಿಯುವ ತಳದಿಂದ ಕೆರೆದು ಗುಡ್ಡೆ ಹಾಕಿದ ಚೂರುಪಾರು ಶಿಲೆಗಳ ರಾಶಿ, ಅದಕ್ಕೆ ಮೆಲಾಂಜ್ ಎಂದು ಹೆಸರು. ನಡುನಡುವೆ ಕಿತ್ತುಬಂದ ಸಾಗರತಳದ ತುಂಡುಗಳು, ಅವು ಆಫಿಯೊಲೈಟ್. ಇಳಿಯುವ ತಳ ತಣ್ಣಗಿರುವುದರಿಂದ ಹೆಚ್ಚು ಒತ್ತಡ, ಕಡಿಮೆ ಶಾಖದಲ್ಲಿ ಬೆಂದ ನೀಲಿ ಷಿಸ್ಟ್ (ಷಿಸ್ಟ್ ಎಂದರೆ ಹಾಳೆ ಹಾಳೆಯಾಗಿ ಸೀಳುವ ಶಿಲೆ). ಒಳನಾಡಿನಲ್ಲಿ ಜ್ವಾಲಾಮುಖಿಗಳ ಸಾಲು. ಇವೆಲ್ಲ ಒಟ್ಟಿಗೆ, ಇದೇ ಅನುಕ್ರಮದಲ್ಲಿ ಇರಬೇಕು. ಕ್ಯಾಲಿಫೋರ್ನಿಯದಲ್ಲಿ ಹಾಗೇ ಇವೆ, ಲಡಾಖಿನಲ್ಲೂ ಹಾಗೇ.

ಈ ಪಟ್ಟಿ ಹಿಡಿದು ಆರ್ಕಿಯನ್ ನೆಲಕ್ಕೆ ಬನ್ನಿ. ನೀಲಿ ಷಿಸ್ಟಿನ ನಂಬಿಕಸ್ಥ ಉದಾಹರಣೆಗಳೆಲ್ಲ ಸುಮಾರು 80 ಕೋಟಿ ವರ್ಷಗಳ ಈಚಿನವು. 2005ರಲ್ಲಿ ರಾಬರ್ಟ್ ಸ್ಟರ್ನ್ ಇದನ್ನೇ ಮುಂದಿಟ್ಟು ಆಧುನಿಕ ಸಬ್‌ಡಕ್ಷನ್ ತಡವಾಗಿ ಬಂದದ್ದು ಎಂದು ವಾದಿಸಿದರು. ಆಫಿಯೊಲೈಟ್‌ಗಳ ಕತೆ ಇನ್ನೂ ನಾಜೂಕು. 2001ರಲ್ಲಿ ಚೀನಾದ ಡಾಂಗ್‌ವಾಂಝಿ ಎಂಬಲ್ಲಿ 250 ಕೋಟಿ ವರ್ಷ ಹಳೆಯ ಪೂರ್ಣ ಆಫಿಯೊಲೈಟ್ ಸಿಕ್ಕಿತು ಎಂದು ದೊಡ್ಡ ಸುದ್ದಿಯಾಯಿತು. ಆರು ವರ್ಷಗಳ ನಂತರ ಬೇರೊಂದು ತಂಡ ಅದೇ ಶಿಲಾಸಮೂಹದ ಜಿರ್ಕಾನ್ ಹರಳುಗಳ ವಯಸ್ಸು ಅಳೆದರೆ ಬಂದದ್ದು ಸುಮಾರು 30 ಕೋಟಿ! ಸೊನ್ನೆಯೊಂದು ಹೆಚ್ಚುಕಡಿಮೆ ಆದಂತೆ ಕಾಣುತ್ತದೆ, ಆದರೆ ಆ ಸೊನ್ನೆಯಲ್ಲಿ ಇಡೀ ವಾದ ಮುಳುಗಿತು.

ಈಗ ನಮ್ಮ ನೆಲ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಇದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದ್ದಾರೆ. ಹತ್ತಿರ ಹೋಗಿ ಕೂತು ನೋಡಿದರೆ ಚೆನ್ನ. ಒಂದೊಂದು ದಿಂಬಿನ ಮೈಗೂ ತೆಳ್ಳಗೆ ಕಪ್ಪು ಅಂಚು, ಬಿಸಿ ಲಾವಾ ನೀರಿಗೆ ಬಿದ್ದೊಡನೆ ಹೆಪ್ಪುಗಟ್ಟಿದ ಸಿಪ್ಪೆ ಅದು. ಮೇಲ್ಭಾಗ ಉಬ್ಬಿರುತ್ತದೆ. ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಮೇಲಿನದರ ಬುಡ ಬಾಲದಂತೆ ಇಳಿದಿರುತ್ತದೆ. ಪದರಗಳು ಎಷ್ಟೇ ಬುಡಮೇಲಾಗಿದ್ದರೂ ಆ ಬಾಲ ನೋಡಿ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಹೇಳಬಹುದು. ಇದನ್ನು ಕಂಡವರು ‘ಇಲ್ಲಿ ಸಾಗರವಿತ್ತು’ ಎಂದು ಉದ್ಗಾರ ತೆಗೆಯುತ್ತಾರೆ. ನೀರಿತ್ತು, ಸರಿ. ನೀರಿದ್ದ ಮಾತ್ರಕ್ಕೆ ಸಾಗರ ಫಲಕ ಇತ್ತೆಂದಾಗುವುದಿಲ್ಲ. ಖಂಡದ ಮೇಲೆ ಆಳವಿಲ್ಲದ ನೀರು ನಿಂತಿದ್ದರೂ ದಿಂಬು ಲಾವಾ ಹುಟ್ಟುತ್ತದೆ.

ಹಾಗಾದರೆ ಆ ಲಾವಾಗಳ ಅಡಿಯಲ್ಲಿ ಏನಿದೆ? ಹ್ಯಾಮಿಲ್ಟನ್ ಪ್ರತಿ ಆರ್ಕಿಯನ್ ನೆಲದಲ್ಲೂ ಕೇಳುತ್ತಿದ್ದ ಪ್ರಶ್ನೆ ಇದು. ನಿಜವಾದ ಸಾಗರತಳವಾದರೆ ಬಸಾಲ್ಟಿನ, ಅಂದರೆ ಗಟ್ಟಿಯಾದ ಕಪ್ಪು ಲಾವಾದ, ಅಡಿಗೆ ಆಳದಲ್ಲಿ ನಿಧಾನವಾಗಿ ಆರಿದ ಗ್ಯಾಬ್ರೊ ಇರಬೇಕು, ಅದರಡಿಗೆ ಮ್ಯಾಂಟಲ್ ಶಿಲೆ, ಅಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಪದರದ್ದು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಪದರಗಳ ಬುಡದಲ್ಲಿ ಸಿಗುವುದೇ ಬೇರೆ. ಶಾಖ, ಒತ್ತಡಗಳಲ್ಲಿ ಬೆಂದು ಪಟ್ಟೆಪಟ್ಟೆಯಾದ ಹಳೆಯ ನೈಸ್ ಬಂಡೆ, ಅದರ ಸವೆದ ಮೈಮೇಲೆ ಬಿಳಿಗಲ್ಲಿನ ಉರುಟು ಹರಳುಗಳು ಕೂಡಿ ಗಟ್ಟಿಯಾದ ಪದರ, ಭೂವಿಜ್ಞಾನಿಗಳು ಕಾರ್ತಿಕೆರೆಯ ಹೆಸರಿನಿಂದ ಕರೆಯುವುದು ಇದನ್ನೇ. ಅದರ ಮೇಲೆ ಲಾವಾ, ಆಮೇಲೆ ಕೆಮ್ಮಣ್ಣುಗುಂಡಿಯಲ್ಲಿ ಅಗೆದ ಕಬ್ಬಿಣದ ಅದಿರಿನ ಪಟ್ಟೆ ಶಿಲೆಗಳು. ಅಂದರೆ ಮೊದಲು ಇಲ್ಲಿ ಒಣನೆಲವಿತ್ತು, ಹೊಳೆ ಹರಿದು ಹರಳು ಉರುಳಿಸಿತ್ತು, ಆ ನೆಲದ ಮೇಲೆ ಲಾವಾ ಹರಿಯಿತು. ಪಶ್ಚಿಮ ಧಾರವಾಡದ ಈ ದಾಖಲೆಯಲ್ಲಿ ಸಾಗರತಳಕ್ಕೆ ಜಾಗವೇ ಇಲ್ಲ.

ಇನ್ನು ಹೊಳೆನರಸೀಪುರ. ನಕಾಶೆಯಲ್ಲಿ ಅಲ್ಲಿನ ಷಿಸ್ಟ್ ಪಟ್ಟಿ ವಿಚಿತ್ರ ಆಕಾರದ್ದು, ಕೊಂಬೆ ಒಡೆದು, ಬಾಗಿ, ನೈಸ್ ಗುಮ್ಮಟಗಳ ಸುತ್ತ ಸುತ್ತಿಕೊಂಡಿದೆ. ಇಡ್ಲಿ ತಟ್ಟೆಯನ್ನು ಬೋರಲು ಹಾಕಿದರೆ ಹೇಗೋ ಹಾಗೆ ಉಬ್ಬುಗಳೆಲ್ಲ ನೈಸ್, ಉಬ್ಬುಗಳ ನಡುವಿನ ಇಕ್ಕಟ್ಟಿನಲ್ಲಿ ಷಿಸ್ಟ್. 1990ರ ದಶಕದಲ್ಲಿ ಫ್ರಾನ್ಸಿನ ಬುಆಲಿಯೆ ಮತ್ತು ಸಂಗಡಿಗರು ಇಲ್ಲಿ ಅಳತೆ ಮಾಡಿ ತೋರಿಸಿದ್ದು ಇಷ್ಟು: ಭಾರವಾದ ಲಾವಾ ರಾಶಿ ಕುಸಿಯಿತು, ಅಡಿಯಲ್ಲಿದ್ದ ಬಿಸಿ, ಮೆದು, ಹಗುರ ನೈಸ್ ಮೇಲಕ್ಕೆ ಉಬ್ಬಿತು. ಜರುಗುವಿಕೆ ಲಂಬವಾಗಿ ನಡೆದಿದೆ. ಆಸ್ಟ್ರೇಲಿಯಾದ ಪಿಲ್ಬರಾದ ಪೂರ್ವ ಭಾಗದಲ್ಲಿ ಇದೇ ಚಿತ್ರ ಇನ್ನೂ ದೊಡ್ಡದಾಗಿ ಕಾಣುತ್ತದೆ. ಫಲಕಗಳು ಅಡ್ಡಡ್ಡ ಡಿಕ್ಕಿ ಹೊಡೆದರೆ ಉದ್ದನೆಯ ಮಡಿಕೆ ಬೆಟ್ಟಗಳು ಏಳಬೇಕು. ಇಂಥ ಗುಮ್ಮಟಗಳ ಸಮೂಹ ಇಂದಿನ ಯಾವ ಫಲಕ ಗಡಿಯಲ್ಲೂ ಇಲ್ಲ.

ಕಾರಣ ಶಾಖ. 300 ಕೋಟಿ ವರ್ಷ ಹಿಂದೆ ಯುರೇನಿಯಂ, ಥೋರಿಯಂ, ಪೊಟ್ಯಾಶಿಯಂಗಳಿಂದ ಭೂಗರ್ಭದಲ್ಲಿ ಹುಟ್ಟುತ್ತಿದ್ದ ಶಾಖ ಇಂದಿನ ಎರಡು ಪಟ್ಟಿಗಿಂತ ಹೆಚ್ಚು. ಮ್ಯಾಂಟಲ್ ಇಂದಿಗಿಂತ 150ರಿಂದ 250 ಡಿಗ್ರಿ ಬಿಸಿ. ಕೊಮಾಟಿಯೈಟ್ ಎಂಬ ಲಾವಾ ಇದಕ್ಕೆ ಸಾಕ್ಷಿ. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಹೆಸರು ಹೊತ್ತ ಇದು ಹೊರಬಂದದ್ದು ಸುಮಾರು 1600 ಡಿಗ್ರಿಯಲ್ಲಿ, ಇಂದಿನ ಹವಾಯಿ ಲಾವಾ 1200 ದಾಟುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಅದೇ ಜಾತಿಯ ಶಿಲೆ ಇದೆ, ಒಡೆದರೆ ಹುಲ್ಲುಗರಿ ಚೆಲ್ಲಿದಂಥ ಉದ್ದನೆಯ ಹರಳುಗಳ ವಿನ್ಯಾಸ. ಇಷ್ಟು ಬಿಸಿಯಾದ ಮ್ಯಾಂಟಲ್ ಹೆಚ್ಚು ಕರಗುತ್ತದೆ, ಅದರ ಮೇಲಿನ ತೊಗಟೆ ದಪ್ಪವಾಗುತ್ತದೆ. ಇಂದು ಸಾಗರತಳದ ತೊಗಟೆ ಸುಮಾರು 7 ಕಿ.ಮೀ. ದಪ್ಪ, ಅಂದು 20 ಕಿ.ಮೀ.ಗೂ ಮೀರಿರಬೇಕು ಎಂಬುದು ಲೆಕ್ಕ. ಅಷ್ಟು ದಪ್ಪದ, ಬಿಸಿಯ, ಹಗುರ ತೊಗಟೆ ಮುಳುಗುವುದು ಹೇಗೆ? ಮುಳುಗುವ ತುದಿಯೇ ಉಳಿದ ಫಲಕವನ್ನು ಎಳೆಯುವ ಇಂಜಿನ್ನು. ಮುಳುಗದಿದ್ದರೆ ಇಂಜಿನ್ನಿಲ್ಲ.

ರಸಾಯನದ ಮಾತಿಗೂ ಉತ್ತರ ಕೊಡಬೇಕು. ನಿಯೋಬಿಯಂ, ಟ್ಯಾಂಟಲಂ ಎಂಬ ಮೂಲಧಾತುಗಳು ಕಡಿಮೆ ಇರುವ ಬಸಾಲ್ಟ್ ಕಂಡೊಡನೆ ‘ಇದು ದ್ವೀಪಸಾಲಿನ ಲಾವಾ, ಆದ್ದರಿಂದ ಸಬ್‌ಡಕ್ಷನ್’ ಎಂದು ಬರೆದ ಪ್ರಬಂಧಗಳಿಗೆ ಲೆಕ್ಕವಿಲ್ಲ. ಆದರೆ ಬಿಸಿ ಲಾವಾ ಮೇಲೆ ಬರುವಾಗ ದಾರಿಯಲ್ಲಿನ ನೈಸನ್ನು ಕರಗಿಸಿ ನುಂಗಿದರೂ ಅದೇ ಸಹಿ ಮೂಡುತ್ತದೆ. ದಪ್ಪ ಬಸಾಲ್ಟ್ ರಾಶಿಯ ತಳ ಕರಗಿದರೂ ನಮ್ಮ ಪೆನಿನ್ಸುಲರ್ ನೈಸಿನಂಥ ಶಿಲೆ ಹುಟ್ಟಬಲ್ಲದು. ಗ್ರಾಫಿನಲ್ಲಿ ಚುಕ್ಕಿ ಎಲ್ಲಿ ಬಿತ್ತು ಎಂಬುದರ ಮೇಲೆ ಖಂಡಗಳನ್ನೇ ಓಡಿಸುವ ಈ ಪದ್ಧತಿ ಹ್ಯಾಮಿಲ್ಟನ್‌ರಿಗೆ ಮೈ ಉರಿಸುತ್ತಿತ್ತು. ನನಗೂ ಉರಿಸುತ್ತದೆ. ಪ್ರಯೋಗಾಲಯದ ಅಂಕಿಯೊಂದೇ ಸಾಕೆನ್ನುವವರು ಆ ಕಲ್ಲಿನ ಬುಡದಲ್ಲಿ ಏನಿದೆ ಎಂದು ಒಮ್ಮೆ ಹೋಗಿ ನೋಡಿದ್ದರೆ ಎಷ್ಟೋ ಪ್ರಬಂಧ ಬರೆಯುವ ಶ್ರಮವೇ ತಪ್ಪುತ್ತಿತ್ತು.

ಅವರು ತೀರಿಕೊಂಡ ಮೇಲೆ ಬಂದ ಒಂದು ಸಾಕ್ಷ್ಯವನ್ನೂ ಸೇರಿಸುತ್ತೇನೆ. 2023ರಲ್ಲಿ ಜಾನ್ ಟಾರ್ಡುನೊ ತಂಡ ಪ್ರಾಚೀನ ಜಿರ್ಕಾನ್‌ಗಳೊಳಗೆ ಉಳಿದ ಭೂಮಿಯ ಅಯಸ್ಕಾಂತದ ಗುರುತು ಅಳೆಯಿತು, ಹರಳು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಎಂಬ ಸುಳಿವು ಅದರಲ್ಲಿರುತ್ತದೆ. 390ರಿಂದ 340 ಕೋಟಿ ವರ್ಷಗಳ ನಡುವೆ ಆ ಹರಳುಗಳು ಹುಟ್ಟಿದ ಜಾಗದ ಅಕ್ಷಾಂಶ ಹೆಚ್ಚೇನೂ ಬದಲಾಗಿಲ್ಲ ಎಂದು ಕಂಡಿತು. 50 ಕೋಟಿ ವರ್ಷ ಕದಲದ ನೆಲ! ಇಂದಿನ ಫಲಕಗಳು ಅಷ್ಟು ಹೊತ್ತಿನಲ್ಲಿ ಭೂಮಿಯ ಒಂದು ಬದಿಯಿಂದ ಇನ್ನೊಂದಕ್ಕೆ ಹೋಗಿ ಮುಟ್ಟುತ್ತವೆ.

ವಿರೋಧ: ಹ್ಯಾಮಿಲ್ಟನ್ ಎಳೆದ ಗೆರೆ ತಪ್ಪು ಜಾಗದಲ್ಲಿದೆ

ಇಂಡೊನೇಷ್ಯಾದ ಪಟ್ಟಿಯನ್ನು ಎತ್ತಿ 300 ಕೋಟಿ ವರ್ಷ ಹಿಂದಕ್ಕೆ ಒಯ್ದದ್ದೇ ಮೊದಲ ಎಡವಟ್ಟು. ಭೂಮಿ ಬಿಸಿಯಾಗಿತ್ತು ಎಂದು ಪರ ಪಕ್ಷವೇ ಒಪ್ಪುತ್ತದೆ. ಬಿಸಿ ಭೂಮಿಯಲ್ಲಿ ಸಬ್‌ಡಕ್ಷನ್ ನಡೆದರೂ ಇಳಿಯುವ ತಳ ಇಂದಿನಷ್ಟು ತಣ್ಣಗಿರುವುದಿಲ್ಲ. ಅಂದಮೇಲೆ ನೀಲಿ ಷಿಸ್ಟ್ ಎಲ್ಲಿಂದ ಬರಬೇಕು? 2016ರಲ್ಲಿ ಪೇಲಿನ್ ಮತ್ತು ವೈಟ್ ಇನ್ನೊಂದು ಮಾತು ತೋರಿಸಿದರು. ಅಂದಿನ ಸಾಗರ ತೊಗಟೆಯಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರಿಂದ, ಅದೇ ಒತ್ತಡ ಅದೇ ಶಾಖ ಕೊಟ್ಟರೂ ನೀಲಿ ಬಣ್ಣದ ಆ ಖನಿಜ ಹುಟ್ಟುವುದೇ ಕಷ್ಟ. ನೀಲಿ ಷಿಸ್ಟಿನ ಗೈರುಹಾಜರಿ ಸಬ್‌ಡಕ್ಷನ್ನಿನ ಗೈರುಹಾಜರಿಗೆ ಸಾಕ್ಷಿಯಾಗಲಾರದು.

ನೀಲಿ ಷಿಸ್ಟ್ ಇಲ್ಲದಿದ್ದರೆ ಇನ್ನೇನು ಹುಡುಕಬೇಕು? ಆಳಕ್ಕೆ ಹೋಗಿಯೂ ಅಷ್ಟಾಗಿ ಬೇಯದ ಶಿಲೆ. ಅದು ಸಿಕ್ಕಿದೆ. 2006ರಲ್ಲಿ ಮ್ವಾಯೆನ್, ಸ್ಟೀವನ್ಸ್, ಕಿಸ್ಟರ್ಸ್ ದಕ್ಷಿಣ ಆಫ್ರಿಕಾದ ಬಾರ್ಬರ್ಟನ್‌ನಿಂದ ವರದಿ ಮಾಡಿದ ಶಿಲೆಗಳು ಸುಮಾರು 323 ಕೋಟಿ ವರ್ಷದವು. ಅವು ತಡೆದ ಒತ್ತಡ 12ರಿಂದ 15 ಸಾವಿರ ವಾಯುಭಾರ, ಅಂದರೆ 40 ಕಿ.ಮೀ.ಗೂ ಹೆಚ್ಚಿನ ಆಳ. ಶಾಖ ಮಾತ್ರ 600ರಿಂದ 650 ಡಿಗ್ರಿ. ಕಿಲೋಮೀಟರಿಗೆ 12ರಿಂದ 15 ಡಿಗ್ರಿಯಂತೆ ಏರಿದ ಲೆಕ್ಕ ಇದು. ಬಿಸಿ ಗುಮ್ಮಟಗಳ ನಡುವೆ ಕುಸಿದ ಕಲ್ಲು ಇದಕ್ಕಿಂತ ಎಷ್ಟೋ ಹೆಚ್ಚು ಬೇಯಬೇಕಿತ್ತು. ತಣ್ಣಗಿನ ಒಂದು ತುಂಡು ಅವಸರದಲ್ಲಿ ಆಳಕ್ಕೆ ಹೋಗಿ ಮತ್ತೆ ಮೇಲೆ ಬಂದಿದೆ. ಸಬ್‌ಡಕ್ಷನ್ ಬಿಟ್ಟು ಅದನ್ನು ಮಾಡುವ ಇನ್ನೊಂದು ಯಂತ್ರವನ್ನು ಯಾರಾದರೂ ತೋರಿಸಲಿ.

ಎರಡನೆಯದು ವೇಗ. ಪಿಲ್ಬರಾ ಎಂದರೆ ಗುಮ್ಮಟಗಳ ತವರು ಎಂದು ಪರ ಪಕ್ಷ ಹೇಳಿತಲ್ಲ, ಅದೇ ಪಿಲ್ಬರಾದ ಹನಿಯೀಟರ್ ಬಸಾಲ್ಟಿನ ಅಯಸ್ಕಾಂತ ದಿಕ್ಕನ್ನು 2020ರಲ್ಲಿ ಅಲೆಕ್ ಬ್ರೆನರ್ ತಂಡ ಅಳೆಯಿತು. 320 ಕೋಟಿ ವರ್ಷಗಳ ಸುಮಾರಿಗೆ ಆ ಭೂಭಾಗ ವರ್ಷಕ್ಕೆ ಕನಿಷ್ಠ 2.5 ಸೆಂ.ಮೀ.ನಂತೆ ಅಕ್ಷಾಂಶ ದಾಟುತ್ತಿತ್ತು. ಇಂದು ಅಟ್ಲಾಂಟಿಕ್ ಅಗಲವಾಗುತ್ತಿರುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಟಾರ್ಡುನೊ ಅಳತೆ ನಿಲ್ಲುವುದು 340 ಕೋಟಿಯಲ್ಲಿ, ಇದು ಅದಕ್ಕಿಂತ ಈಚಿನದು. ಎರಡನ್ನೂ ಒಪ್ಪಲು ಯಾವ ತೊಡಕೂ ಇಲ್ಲ. ಆದರೆ ಎರಡನ್ನೂ ಒಪ್ಪಿದರೆ ‘ಆರ್ಕಿಯನ್‌ನಲ್ಲಿ ಇರಲೇ ಇಲ್ಲ’ ಎನ್ನುವ ವಾಕ್ಯ ಉಳಿಯುವುದಿಲ್ಲ. 150 ಕೋಟಿ ವರ್ಷ ಉದ್ದದ ಕಾಲಕ್ಕೆ ಒಂದೇ ತೀರ್ಪು ಕೊಡಲು ಹೊರಟಿದ್ದೇ ಅತಿಯಾಯಿತು.

ವಜ್ರಗಳೂ ಇದೇ ಹೊತ್ತನ್ನು ಹೇಳುತ್ತವೆ. ವಜ್ರ ಹುಟ್ಟುವಾಗ ಸುತ್ತಲಿನ ಖನಿಜದ ಕಣಗಳು ಒಳಗೆ ಸಿಕ್ಕಿಕೊಂಡು ಹಾಗೇ ಉಳಿಯುತ್ತವೆ. 2011ರಲ್ಲಿ ಶೈರಿ ಮತ್ತು ರಿಚರ್ಡ್‌ಸನ್ ಬೇರೆ ಬೇರೆ ಖಂಡಗಳ ವಜ್ರಗಳೊಳಗಿನ ಇಂಥ ಕಣಗಳ ವಯಸ್ಸುಗಳನ್ನು ಕಲೆಹಾಕಿದರು. 320 ಕೋಟಿಗಿಂತ ಹಳೆಯವುಗಳಲ್ಲಿ ಮ್ಯಾಂಟಲ್ಲಿನ ಸ್ವಂತ ಖನಿಜಗಳು ಮಾತ್ರ. 300 ಕೋಟಿಯ ಈಚೆಗೆ ಎಕ್ಲೊಜೈಟಿನ ಖನಿಜಗಳು ಕಾಣತೊಡಗುತ್ತವೆ, ಎಂದರೆ ಬಸಾಲ್ಟ್ ಆಳಕ್ಕಿಳಿದು ಮಾರ್ಪಟ್ಟ ಶಿಲೆಯವು. ಅಷ್ಟು ಹೊತ್ತಿಗೆ ಮೇಲಿನ ತೊಗಟೆ 150 ಕಿ.ಮೀ. ಕೆಳಗೆ ಹೋಗಿ ತಲುಪಲು ಶುರುವಾಗಿತ್ತು.

ಪರ ಪಕ್ಷ ಧಾರವಾಡದ ಪಶ್ಚಿಮವನ್ನಷ್ಟೇ ತೋರಿಸಿ ಪೂರ್ವದ ಬಾಗಿಲು ಹಾಕಿಕೊಂಡಿದೆ. ಬಾಬಾಬುಡನ್, ಹೊಳೆನರಸೀಪುರಗಳ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಕೋಲಾರಕ್ಕೆ ಬಂದರೆ ನೆಲದ ಸ್ವಭಾವವೇ ಬದಲು. ಚಿನ್ನದ ಗಣಿಗಳಿದ್ದ ಆ ಷಿಸ್ಟ್ ಪಟ್ಟಿ ಸುಮಾರು 80 ಕಿ.ಮೀ. ಉದ್ದ, ಅಗಲ ಐದಾರು ಕಿ.ಮೀ. ಅಷ್ಟೇ. ಅಗಲಕ್ಕೆ ದಾಟಲು ಸೈಕಲ್ ಸಾಕು. 1980ರ ದಶಕದಲ್ಲಿ ಕ್ರಾಗ್‌ಸ್ಟಡ್, ಹ್ಯಾನ್ಸನ್ ಮತ್ತು ದೆಹಲಿಯ ವಿ. ರಾಜಮಣಿ ಆ ಪಟ್ಟಿಯ ಎರಡೂ ಬದಿಯ ನೈಸುಗಳ ವಯಸ್ಸು ಅಳೆದರು. ಪಶ್ಚಿಮ ಬದಿಯವು 263ರಿಂದ 255 ಕೋಟಿ ವರ್ಷದವು, ಅವುಗಳೊಳಗೆ 320 ಕೋಟಿಗೂ ಹಳೆಯ ತೊಗಟೆ ಕರಗಿ ಸೇರಿದ ಗುರುತುಗಳಿವೆ. ಪೂರ್ವ ಬದಿಯ ಕಂಭ ನೈಸ್ 253 ಕೋಟಿಯದು, ಅದರಲ್ಲಿ ಹಳೆಯ ತೊಗಟೆಯ ಸುಳಿವೇ ಇಲ್ಲ, ಮ್ಯಾಂಟಲಿನಿಂದ ಹೊಸದಾಗಿ ಬಂದ ಸರಕು. ಐದಾರು ಕಿಲೋಮೀಟರ್ ಅಂತರದಲ್ಲಿ ಎರಡು ಬೇರೆ ವಂಶಾವಳಿ. ನಡುವಿನ ಪಟ್ಟಿಯೊಳಗಿನ ಬಸಾಲ್ಟುಗಳೂ ಪೂರ್ವದಲ್ಲಿ ಒಂದು ಬಗೆ, ಪಶ್ಚಿಮದಲ್ಲಿ ಇನ್ನೊಂದು. ಬೇರೆ ಬೇರೆ ಕಡೆ ಹುಟ್ಟಿದ ಎರಡು ಭೂಖಂಡಗಳು ಇಲ್ಲಿ ಬಂದು ಹೊಲಿದುಕೊಂಡವು ಎಂದು ಅವರು ತೀರ್ಮಾನಿಸಿದರು. ಇದಕ್ಕೆ ಲಂಬ ಕುಸಿತದಲ್ಲಿ ಉತ್ತರ ಹುಡುಕುವವರು ಹುಡುಕಲಿ, ನನಗಂತೂ ತೋಚುವುದಿಲ್ಲ. ಗುಮ್ಮಟ ಏಳುವಾಗ ನೆರೆಹೊರೆಯ ನೆಲ ಒಂದೇ ಮೂಲದ್ದಾಗಿರುತ್ತದೆ.

ಇದನ್ನೇ ಇಡೀ ಧಾರವಾಡ ಕ್ರೇಟಾನಿಗೆ, ಅಂದರೆ ಈ ಪ್ರಾಚೀನ ಗಟ್ಟಿ ನೆಲದ ತುಂಡಿಗೆಲ್ಲ, ವಿಸ್ತರಿಸಿದವರು ಚಾಡ್‌ವಿಕ್, ವಾಸುದೇವ ಮತ್ತು ಹೆಗಡೆ. 2000ರಲ್ಲಿ ಅವರು ಧಾರವಾಡ ನೆಲವನ್ನು ಆರ್ಕಿಯನ್ ಕೊನೆಯ ಓರೆ ಡಿಕ್ಕಿಯ ಫಲವೆಂದು ಓದಿದರು. ಪಶ್ಚಿಮದಲ್ಲಿ ಹಳೆಯ ಖಂಡ, ಪೂರ್ವದಿಂದ ಬಂದು ಅಂಟಿಕೊಂಡ ಗ್ರಾನೈಟ್ ಸಾಲುಗಳು. ಭೂಕಂಪದ ಅಲೆಗಳಿಂದ ತೊಗಟೆಯ ದಪ್ಪ ಅಳೆದವರಿಗೂ ಎರಡು ಬಗೆಯ ನೆಲವೇ ಸಿಕ್ಕಿತು, ಪಶ್ಚಿಮದಲ್ಲಿ 40ರಿಂದ 50 ಕಿ.ಮೀ., ಪೂರ್ವದಲ್ಲಿ 35ರ ಆಸುಪಾಸು. ರಾಮನಗರದ ಹಳೆಯ ಹೆಸರು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 400 ಕಿ.ಮೀ. ಉದ್ದಕ್ಕೆ ಒಂದೇ ಗೆರೆಯಲ್ಲಿ ಎದ್ದಿದೆ, ವಯಸ್ಸು 252 ಕೋಟಿ. ಇಷ್ಟು ಉದ್ದದ, ಇಷ್ಟು ಇಕ್ಕಟ್ಟಿನ ಗೆರೆಗಳನ್ನು ಎಳೆಯುವುದು ಫಲಕ ಗಡಿಗಳೇ. ಪರ ಪಕ್ಷದವರು ಇಲ್ಲಿ ಎದ್ದು ನಿಂತು, ಕ್ಲೋಸ್‌ಪೇಟೆಯನ್ನು ಮ್ಯಾಂಟಲಿನಿಂದ ಎದ್ದ ಬಿಸಿ ಉಬ್ಬಿನಿಂದಲೂ ವಿವರಿಸಿದ್ದಾರಲ್ಲ ಎನ್ನಬಹುದು. ಎನ್ನಲಿ. ಮುಡ್ಲಪ್ಪ ಜಯಾನಂದ ಮತ್ತು ಸಂಗಡಿಗರು 2000ರಲ್ಲಿ ಆ ಉಬ್ಬನ್ನು ಮುಂದಿಟ್ಟಿದ್ದರು. ಆದರೆ ನಂತರದ ವರ್ಷಗಳಲ್ಲಿ, ವಯಸ್ಸಿನ ಅಳತೆಗಳು ಹೆಚ್ಚಿದಂತೆ, ಅವರ ಬರಹಗಳಲ್ಲೂ ಸಣ್ಣ ಸಣ್ಣ ಭೂಖಂಡಗಳು ಬಂದು ಸೇರಿಕೊಂಡ ಚಿತ್ರಕ್ಕೆ ಜಾಗ ದೊರೆಯಿತು. ಇನ್ನೊಂದು ತಮಾಷೆ ಇದೆ. ಮ್ಯಾಂಟಲಿನ ಆಳದಿಂದ ಅಂಥ ಉಬ್ಬುಗಳು ಏಳುವುದೇ ಇಲ್ಲ, ಎಂದೂ ಎದ್ದಿಲ್ಲ ಎಂದು ಹ್ಯಾಮಿಲ್ಟನ್ 2011ರ ಪ್ರಬಂಧದ ತಲೆಬರಹದಲ್ಲೇ ಬರೆದರು. ಅವರ ಕಡೆಯವರು ಕ್ಲೋಸ್‌ಪೇಟೆಗೆ ಆ ಉತ್ತರವನ್ನು ಬಳಸುವಂತೆಯೂ ಇಲ್ಲ.

2011ರ ಆ ಪ್ರಬಂಧವೇ ಅವರ ವಾದದ ದುರ್ಬಲ ಕೊಂಡಿ. 1998ರಲ್ಲಿ ಅವರು ಹೇಳಿದ್ದು ಆರ್ಕಿಯನ್ ಬಗ್ಗೆ, ಅಲ್ಲಿ ವಾದಕ್ಕೆ ಜಾಗವಿದೆ. ಗೆರೆಯನ್ನು ಅಲ್ಲಿಂದ ಎತ್ತಿ 100 ಕೋಟಿಯ ಈಚೆಗೆ ತಂದಿಟ್ಟರೆ ಫಿನ್‌ಲೆಂಡಿನ ಯೋರ್ಮುವಾವನ್ನು ಏನು ಮಾಡಬೇಕು? 195 ಕೋಟಿ ವರ್ಷದ ಆಫಿಯೊಲೈಟ್ ಅದು, ಬಸಾಲ್ಟು, ಬಿರುಕುಗಳಲ್ಲಿ ಲಾವಾ ಗಟ್ಟಿಯಾಗಿ ಗೋಡೆಯಂತೆ ಸಾಲಾಗಿ ನಿಂತ ಡೈಕುಗಳು, ಗ್ಯಾಬ್ರೊ, ಮ್ಯಾಂಟಲ್ ಶಿಲೆ ಎಲ್ಲವೂ ಇದೆ, ಹ್ಯಾಮಿಲ್ಟನ್ ಕೇಳಿದ ಪಟ್ಟಿಯ ಪ್ರಕಾರವೇ. ಕೆನಡಾದ ಟ್ರಾನ್ಸ್-ಹಡ್ಸನ್ ಪರ್ವತ ಪಟ್ಟಿಯಲ್ಲಿ 183 ಕೋಟಿ ವರ್ಷದ ಎಕ್ಲೊಜೈಟನ್ನು ವೆಲ್ಲರ್ ಮತ್ತು ಸೇಂಟ್-ಓಂಜ್ 2017ರಲ್ಲಿ ವರದಿ ಮಾಡಿದರು, ಹಿಮಾಲಯದಲ್ಲಿ ಸಿಗುವಂಥದ್ದೇ ಒತ್ತಡ, ಅಂಥದ್ದೇ ಶಾಖ. ತಮ್ಮ ಪಟ್ಟಿಗೇ ಹೊಂದುವ ಸಾಕ್ಷಿ ಎದುರಿಗಿದ್ದಾಗಲೂ ‘ಇಲ್ಲ’ ಎಂದರೆ ಅದನ್ನು ಕಠಿಣ ಪರೀಕ್ಷೆ ಎನ್ನಲು ಮನಸ್ಸು ಬರುವುದಿಲ್ಲ. ವಾದದ ಓಟದಲ್ಲಿ ನಿಲ್ಲಲಾಗದೆ ಹೋದದ್ದು ಅಂತ ನನಗನಿಸುತ್ತದೆ. ಒಂಟಿಯಾಗಿ ಬಹಳ ವರ್ಷ ಎದುರು ಈಜಿದವರಿಗೆ ಇದು ಆಗುತ್ತದೆ, ಎದುರು ಈಜಿ ಒಮ್ಮೆ ಗೆದ್ದವರಿಗಂತೂ ಇನ್ನೂ ಹೆಚ್ಚು.

1961ರ ಹ್ಯಾಮಿಲ್ಟನ್‌ರ ಕೈಯಲ್ಲಿ ಆಗ ಇದ್ದದ್ದಾದರೂ ಏನು? ಸಾಗರತಳದ ಅಯಸ್ಕಾಂತ ಪಟ್ಟೆಗಳ ವಿವರಣೆ ಬಂದದ್ದು 1963ರಲ್ಲಿ, ಫಲಕಗಳು ಒಂದರ ಪಕ್ಕ ಒಂದು ಜಾರುವ ಟ್ರಾನ್ಸ್‌ಫಾರ್ಮ್ ಬಿರುಕುಗಳ ಕಲ್ಪನೆ 1965ರಲ್ಲಿ. ಅವೆರಡೂ ಇಲ್ಲದೆ, ಕೊಲ್ಲಿಯ ಎರಡೂ ದಡದ ನೆಲ ಹೊಂದುತ್ತದೆ, ನಡುವಿನ ತಳ ಖಂಡದ್ದಲ್ಲ ಎಂಬ ಗುರುತುಗಳ ಮೇಲೆ ಅವರು ನೆಲ ಜರುಗಿತು ಎಂದರು. ಅವತ್ತು ಯಾರಾದರೂ ಪೂರ್ತಿ ಪಟ್ಟಿ ಕೇಳಿದ್ದರೆ ಅವರ ಬಳಿ ಇರಲಿಲ್ಲ. ಕೋಲಾರದ ಎರಡು ದಡಗಳನ್ನು ನೋಡಿ ರಾಜಮಣಿ ತಂಡ ಹೇಳಿದ್ದೂ ಅದೇ ಬಗೆಯ ಮಾತು.

ಈ ಪಕ್ಷದಲ್ಲೂ ಒಂದು ತೂತಿದೆ, ಮುಚ್ಚಿಡುವುದು ಬೇಡ. ಕೋಲಾರದಲ್ಲಿ ಬಾರ್ಬರ್ಟನ್‌ನಂಥ ಆಳಕ್ಕೆ ಹೋಗಿ ತಣ್ಣಗೆ ಉಳಿದ ಶಿಲೆ ನಮ್ಮ ಕೈಲಿಲ್ಲ. ಪೂರ್ವ-ಪಶ್ಚಿಮ ಧಾರವಾಡಗಳು 270 ಕೋಟಿ ವರ್ಷ ಹಿಂದೆ ಎಷ್ಟು ದೂರವಿದ್ದವು ಎಂದು ತಿಳಿಯಬೇಕಾದರೆ ಚಿತ್ರದುರ್ಗದ ಬಿರುಕು ವಲಯದ ಎರಡೂ ಬದಿಯ ಹಳೆಯ ಲಾವಾಗಳಲ್ಲಿ ಅಯಸ್ಕಾಂತದ ದಿಕ್ಕು ಅಳೆಯಬೇಕು, ಪಿಲ್ಬರಾದಲ್ಲಿ ಮಾಡಿದಂತೆ. ತೊಂದರೆಯೆಂದರೆ ಶಿಲೆ ಮತ್ತೆ ಬಿಸಿಯಾದರೆ ಹಳೆಯ ದಿಕ್ಕು ಅಳಿಸಿ ಹೊಸದು ಮೂಡುತ್ತದೆ, ಮತ್ತು 252 ಕೋಟಿ ವರ್ಷ ಹಿಂದೆ ಕ್ಲೋಸ್‌ಪೇಟೆಯೂ ಅದರ ಓರಗೆಯ ಗ್ರಾನೈಟುಗಳೂ ಏರಿ ಬಂದಾಗ ಈ ನೆಲದ ಬಹುಭಾಗ ಹಾಗೆ ಬಿಸಿಯಾಯಿತು. ದಕ್ಷಿಣಕ್ಕೆ ಹೋದಷ್ಟೂ ಬೆಂದದ್ದು ಹೆಚ್ಚು. ಹಾಗಾಗಿ ಅಳೆಯುವವರು ಉತ್ತರಕ್ಕೆ, ಕಡಿಮೆ ಬೆಂದ ಗದಗ, ಸಂಡೂರುಗಳ ಕಡೆಗೆ ಹೋಗಬೇಕು.